ಬಾಯಿ ಕಟ್ಟದ ಬುಟ್ಟಿಗಳು

ನಮ್ಮ ಮನೆಯಲ್ಲಿ ಒಂದು ಬುಟ್ಟಿಗೆ ಇಬ್ಬರ ಕೈ ಬೀಳಬೇಕಿತ್ತು. ತಳ ಹಾಕಿ ಮೇಲಕ್ಕೆ ಹೆಣೆದು ತರುವುದು ಅವ್ವ, ಅಂಚು ಸುತ್ತಿ ಬಾಯಿ ಕಟ್ಟುವುದು ಅಪ್ಪ. ಘಟ್ಟದ ಊರಿನಲ್ಲಿ ಅಜ್ಜ, ಅಜ್ಜಿಯೂ ಹೀಗೇ ಮಾಡುತ್ತಿದ್ದರಂತೆ. ಬೈಕುಲ್ಲಾದ ಚಾಳಿಗೆ ಬಂದ ಮೇಲೂ ಅದು ತಪ್ಪಲಿಲ್ಲ. ಅಪ್ಪ ಎಡಚ. ಬೇರೆಯವರ ಬುಟ್ಟಿಯಲ್ಲಿ ಅಂಚಿನ ಸುತ್ತು ಬಲಕ್ಕೆ ಓಡಿದರೆ ಅವನದು ಎಡಕ್ಕೆ ಓಡುತ್ತಿತ್ತು. ಮಾರ್ಕೆಟ್ಟಿನ ಹಮಾಲರು ದೊಡ್ಡ ರಾಶಿಯಲ್ಲೂ ನಮ್ಮ ಬುಟ್ಟಿಯನ್ನು ಕೈಯಿಂದಲೇ ಗುರುತು ಹಿಡಿಯುತ್ತಿದ್ದರು.

ಹೋದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ತಿಥಿ ಮುಗಿದ ಮರುದಿನವೇ ಅವ್ವ ಬಿದಿರಿನ ದಬ್ಬೆ ನೆನೆಹಾಕಿ ಹೆಣೆಯಲು ಕೂತಳು. ರಜೆ ಸಿಕ್ಕಾಗ ನಾನು ಚೆಂಬೂರಿನಿಂದ ಹೋಗಿ ನೋಡಿದರೆ ಬಾಯಿ ಕಟ್ಟದ ಬುಟ್ಟಿಗಳು ಹೆಚ್ಚುತ್ತಲೇ ಇದ್ದವು. ಕೊಯ್ಯದ ದಬ್ಬೆಗಳ ತುದಿ ನಾಲ್ಕೂ ಕಡೆ ಚಾಚಿಕೊಂಡು, ಕಾಲು ಚಾಚಿ ಮಲಗಲೂ ಜಾಗವಿರಲಿಲ್ಲ. ಬಾಯಿ ಕಟ್ಟಲು ಯಾರನ್ನಾದರೂ ಗೊತ್ತು ಮಾಡಲೇ ಎಂದು ಕೇಳಿದರೆ ಅವ್ವ ಇನ್ನೊಂದು ಬುಟ್ಟಿಗೆ ತಳ ಹಾಕತೊಡಗುತ್ತಿದ್ದಳು. ಪ್ಲಾಸ್ಟಿಕ್ ಕ್ರೇಟು ಬಂದ ಮೇಲೂ ನಮ್ಮನ್ನು ಬಿಡದಿದ್ದ ಹೂವಿನ ವ್ಯಾಪಾರಿಯೊಬ್ಬ ಹೇಳಿ ಕಳಿಸಿ ಕಳಿಸಿ ಸಾಕಾಗಿ ಸುಮ್ಮನಾದ. ನನಗೆ ಸಿಟ್ಟು ಬಂತು. ಆಮೇಲೆ ಹೆದರಿಕೆಯಾಯಿತು. ಅಪ್ಪ ಬಂದು ಕಟ್ಟುತ್ತಾನೆಂದು ಇವಳು ಕಾಯುತ್ತಿದ್ದಾಳೆ, ಹೀಗೇ ಬಿಟ್ಟರೆ ಇವಳೂ ಕೈತಪ್ಪುತ್ತಾಳೆ ಎಂದುಕೊಂಡೆ.

ಅವಳ ಕಣ್ಣಿಗೆ ಪೊರೆ ಬಂದಿತ್ತು. ಆ ಧೈರ್ಯದ ಮೇಲೆ ಒಂದು ಬುಟ್ಟಿಯನ್ನು ಚೆಂಬೂರಿಗೆ ಕದ್ದು ಒಯ್ದೆ. ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಅದು ಎಲ್ಲರಿಗೂ ಚುಚ್ಚಿ ಬೇಕಾದಷ್ಟು ಬೈಸಿಕೊಂಡೆ. ಬಾಯಿ ಕಟ್ಟುವುದನ್ನು ಚಿಕ್ಕವಳಿದ್ದಾಗ ಅಪ್ಪನ ಎದುರು ಕೂತು ಕಲಿತಿದ್ದೆ, ಆದರೆ ನನ್ನದು ಬಲಗೈ. ಎಡಗೈಯಲ್ಲಿ ಕಟ್ಟಲು ಹೋಗಿ ಬೆರಳು ಕೊಯ್ದುಕೊಂಡೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ಅಂತೂ ಸುತ್ತು ಎಡಕ್ಕೆ ಓಡಿತು. ಬುಟ್ಟಿಯನ್ನು ಬೈಕುಲ್ಲಾಕ್ಕೆ ಮರಳಿ ತಂದೆ. ಅಪ್ಪ ಕಟ್ಟಿಟ್ಟದ್ದೊಂದು ಅಟ್ಟದ ಮೇಲೆ ಉಳಿದಿತ್ತು ನೋಡು ಎಂದು ಅವಳ ಮಡಿಲಲ್ಲಿಟ್ಟೆ. ಇದೇ ಕೊನೆಯದು ಎಂದು ತಿಳಿದರೆ ಮಿಕ್ಕವನ್ನು ಬೇರೆಯವರಿಂದ ಕಟ್ಟಿಸಲು ಒಪ್ಪಿಯಾಳು ಎಂಬುದು ನನ್ನ ಲೆಕ್ಕಾಚಾರ.

ಅವ್ವ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ ಬುಟ್ಟಿಯನ್ನು ನಿಧಾನಕ್ಕೆ ತಿರುಗಿಸಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಎಡಗೈಲೆ ಕಟ್ಟಾಕ ಯಾಕ ಹೋದಿ? ಬಟ್ಟ ಕೊಯ್ಕೊಂಡಿ" ಅಂದಳು, ನನ್ನ ಬೆರಳಿನ ಗಾಯ ಸವರುತ್ತ. "ನಿಮ್ಮಪ್ಪ ಬರೂದಿಲ್ಲ ಅಂತ ನನಗ ಗೊತ್ತೈತಿ ಯವ್ವಾ."

ಹಾಗಾದರೆ ಇಷ್ಟು ದಿನ ಯಾಕೆ ಕಟ್ಟಿಸಲು ಬಿಡಲಿಲ್ಲ ಎಂದೆ. ನನ್ನ ದನಿ ಏರಿತ್ತು.

"ಬಾಯಿ ಕಟ್ಟಿದ್ರ ಮಂದಿ ಬಂದು ಒಯ್ತಾರ. ಒಯ್ದ್ರ ಮನ್ಯಾಗ ನಾನೊಬ್ಬಾಕಿನ ಉಳೀತೇನಿ."

ನನಗೆ ಅಳು ಬಂತು. ಅವಳು ಅಳಲಿಲ್ಲ. ಬುಟ್ಟಿಯನ್ನು ನನ್ನ ಮುಂದಿಟ್ಟು, ಪಕ್ಕದಲ್ಲಿದ್ದ ಕತ್ತಿಯನ್ನು ನನ್ನ ಕಡೆ ಸರಿಸಿದಳು. ನಾನು ಕಟ್ಟಿದ್ದನ್ನು ಅವಳ ಎದುರಿಗೇ ಬಿಚ್ಚಿ, ಬುಟ್ಟಿಯನ್ನು ಮಿಕ್ಕವುಗಳ ನಡುವೆ ಇಟ್ಟೆ.