ಅವ್ವ ಮೊದಲು ಉಂಡ ಮೀನು

ಎಪ್ಪತ್ತರ ದಶಕದ ಕಡೀ ವರ್ಷಗಳು. ರಾಯಚೂರಿನಾಗಿದ್ದ ನಾನು ಚೊಚ್ಚಲ ಬಸರಿಯಾಗಿ ತವರಮನಿ ಮಲ್ಲಟಕ್ಕ ಬಂದಿದ್ದೆ. ಮಾನ್ವಿ ದವಾಖಾನಿಯ ನರ್ಸಮ್ಮ ನನ್ನ ಕಣ್ಣಿನ ರೆಪ್ಪಿ ಎಳದು ನೋಡಿ, "ಮೈಯಾಗ ರಕ್ತ ಇಲ್ಲ ನಿನಗ. ವಾರಕ್ಕ ಎರಡ ಸಲ ಮೀನ ತಿನ್ನು, ಕೂಸಿಗೆ ಚಲೋ" ಅಂದಳು. ನನಗ ಹಾಲು ಕುಡದಷ್ಟು ಖುಷಿ ಆತು. ಮೊದಲೇ ನಾನು ಮೀನಿನ ಹುಚ್ಚಿ.

ಕಾಲುವಿ ನೀರು ಬಂದ ಮ್ಯಾಲ ನಮ್ಮ ಕಡಿ ಮೀನಿಗೇನು ಬರ ಇರಲಿಲ್ಲ. ಆದರ ಅದರ ಹಿಂದ ಹತ್ತಿ ಬಂತು, ಹತ್ತಿ ಹಿಂದ ಹುಳ ಸಾಯಿಸೋ ಎಣ್ಣಿ ಬಂತು. ಎಣ್ಣಿ ಹೊಡದವರು ಡಬ್ಬಿ, ಪಂಪು ಎಲ್ಲಾ ಹಳ್ಳದಾಗೇ ತೊಳೀತಿದ್ದರು. ಮರುದಿನ ಮೀನ ಹೊಟ್ಟಿ ಮ್ಯಾಲ ಮಾಡಿ ತೇಲತಿದ್ದವು. ಪುಕ್ಕಟ ಸಿಕ್ಕವು ಅಂತ ಮಂದಿ ಬುಟ್ಟಿಗಟ್ಟಲೆ ಒಯ್ಯತಿದ್ದರು. ತಿಂದು ವಾಂತಿ ಆದರ ದೃಷ್ಟಿ ಆಗ್ಯದ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸತಿದ್ದರು.

ಅವ್ವ ತೇಲಿದ ಮೀನ ಹೊಸ್ತಿಲ ದಾಟಿಸತಿರಲಿಲ್ಲ. ಬಾಜು ಮನಿ ಚಿಗವ್ವ ಪ್ರೀತಿಲೆ ಒಂದ ಬುಟ್ಟಿ ಕೊಟ್ಟರ, ತಿಪ್ಪಿ ಹಿಂದ ಕುಣಿ ತೋಡಿ ಹುಗದುಬಿಟ್ಟಳು. ಸಿಟ್ಟಿಗೆ ಎರಡ ದಿನ ನಾ ಅಕಿ ಕೂಡ ಮಾತು ಬಿಟ್ಟೆ. ಆಮ್ಯಾಲ ಅವ್ವನೇ ಎಲ್ಲಿಂದಲೋ ಜೀವಂತ ಮೀನ ಹುಡುಕಿ ತಂದು, ಭಾವಿ ನೀರು ತುಂಬಿದ ಕೊಡದಾಗ ಒಂದ ದಿನ ಬಿಟ್ಟಳು. ಚುರುಕಾಗಿ ತಿರುಗಾಡಿದರಷ್ಟೇ ಒಲಿಗೆ.

ಹುಣಸಿಹುಳಿ ಹಾಕಿದ ಸಾರು, ಬಿಸಿ ಜ್ವಾಳದ ರೊಟ್ಟಿ. ನನ್ನ ಬಾಯಾಗ ನೀರು. ಆದರ ಅವ್ವ ತಾನೇ ಮೊದಲು ತಾಟು ಹಚ್ಚಿಕೊಂಡು ಕುಂತಳು. ಎಲ್ಲಾರದೂ ಆದ ಮ್ಯಾಲ ಗಡಿಗಿ ಬಳದು ಉಣ್ಣಾಕಿ ಅಕಿ! ಉಂಡು, ಕೈ ತೊಳಕೊಂಡು, ಕೌದಿ ಹೊಲಿಯಾಕ ಹತ್ತಿದಳು. ನನಗ ಬಡಸೋದರಾಗ ಸಾರು ಆರಿ ಹೋಗಿತ್ತು. ಮುಂದಿನ ಸಲನೂ ಇದೇ ಕಥಿ.

ಮೂರನೇ ಸಲ ನನಗ ತಡೀಲಿಲ್ಲ. "ಬಸರಿ ನಾನೋ ನೀನೋ? ಈ ವಯಸ್ಸಿನಾಗ ಇಷ್ಟು ಬಾಯಿ ಚಪಲ ಏನ್ ಬೇ ಯವ್ವಾ?" ಅಂದುಬಿಟ್ಟೆ.

"ಹೂಂ, ನನಗೂ ಬಯಕಿ ಹತ್ಯಾವ" ಅಂತ ನಕ್ಕು ಸೂಜಿಗೆ ದಾರ ಪೋಣಿಸಿದಳು.

ನಿಜ ಹೇಳಿದ್ದು ಹೊರಗ ಕಟ್ಟಿ ಮ್ಯಾಲ ಕುಂತಿದ್ದ ಅಪ್ಪ. "ನಿಮ್ಮವ್ವಗ ಮೀನಿನ ವಾಸನಿಗೇ ವಾಕರಿಕಿ ಬರತದ. ಎಣ್ಣಿ ಉಳದಿದ್ದರ ಮೊದಲು ತನಗ ತಿಳೀಲಿ ಅಂತ ತಿನ್ನಾಕತ್ಯಾಳ. ಎರಡ ತಾಸು ಕುಂತು ನೋಡಿ ಆಮ್ಯಾಲ ನಿನಗ ಬಡಸತಾಳ."

ಅಂಥಾ ವಿಷ ಎಲ್ಲಾ ಸಲ ಎರಡ ತಾಸಿನಾಗ ತಿಳಿಯೋದಲ್ಲ ಅಂತ ಈಗ ಗೊತ್ತು. ಆವತ್ತು ನನ್ನ ಜೀವ ಹಿಂಡಿದ್ದು ಬ್ಯಾರೆ. ಅಕಿ ಕಡೀಗೆ ಉಣ್ಣಾಕಿ. ಅಕಿ ತಾಟಿನಾಗ ಏನಿರತದ ಅಂತ ಇಪ್ಪತ್ತು ವರ್ಷ ನಾ ಒಂದಿನನೂ ನೋಡಿರಲಿಲ್ಲ.

ಮುಂದಿನ ಸಲ ಅಕಿ ಉಂಡ ಮ್ಯಾಲ ನಾನೂ ಕೌದಿಯ ಇನ್ನೊಂದು ತುದಿ ಹಿಡದು ಕುಂತೆ. ಎರಡ ತಾಸು ಹೊಲಕೋತ, ಹರಟಿ ಹೊಡದಿವಿ. ಆರಿದ ಸಾರು ಭಾಳ ರುಚಿ ಹತ್ತಿತು.

ಮಗಳು ಗುಂಡಗುಂಡಕ ಹುಟ್ಟಿದಳು. ಆ ದಿನದಿಂದ ಅವ್ವ ಮತ್ತ ಮೀನ ಮುಟ್ಟಲಿಲ್ಲ.