ಸೆರಗಿಗೂ ಬೆಲ್ಟಿಗೂ ಮದುವೆ

ಮಕ್ಕಳೇ, ಕೋಟೇಶ್ವರದ ಹತ್ತಿರ ನಾನು ದುಡಿದ ಗೇರುಬೀಜದ ಕಾರ್ಖಾನೆಯಲ್ಲಿ, ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳುವ ಸೂಪರ್‌ವೈಸರ್ ಒಬ್ಬರಿದ್ದರು. ಬೈಯದೆ ಇವರು ಹೇಗೆ ಕೆಲಸ ನಡೆಸುತ್ತಾರೆ ಎಂದು ನನಗೆ ಕುತೂಹಲ. ಓಡುವ ಬೆಲ್ಟಿನ ಹತ್ತಿರ ಯಾರ ಸೆರಗಾದರೂ ಇಳಿಬಿದ್ದರೆ, ಮದುವೆಗೆ ಕರೆಯದ ನೆಂಟನ ಹಾಗೆ ಮುಖ ಸಣ್ಣ ಮಾಡಿಕೊಂಡು ಕೇಳುವರು: "ಹ್ವಾಯ್, ಸೆರಗಿಗೂ ಬೆಲ್ಟಿಗೂ ಮದಿ ಅಂಬ್ರ್. ನಂಗೆ ಹೇಳ್ಕೆ ಇಲ್ಯಾ?"

ನಾವು ನಗುತ್ತಲೇ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದೆವು.

ಒಮ್ಮೆ ಬೆಲ್ಟಿನಲ್ಲಿ ಏನೋ ಸದ್ದು ಕೇಳಿ ಅವರೇ ಬಗ್ಗಿದರು. ಬೆವರೊರೆಸಲು ಕೊರಳಿಗೆ ಸುತ್ತಿದ್ದ ಬೈರಾಸಿನ ತುದಿ ಜಾರಿ ಬೆಲ್ಟಿನ ಮೇಲೆ ತೂಗತೊಡಗಿತು. ಕಂಡವಳು ನಾನೊಬ್ಬಳೇ. ದೊಡ್ಡವರಿಗೆ ಬುದ್ಧಿ ಹೇಳುವ ಬಾಯಿ ನನಗೆಲ್ಲಿತ್ತು? ಆದರೆ ಅವರದೇ ಮಾತು ನಾಲಗೆಯ ಮೇಲೆ ಸಿದ್ಧವಾಗಿತ್ತು.

"ಹ್ವಾಯ್, ಬೈರಾಸಿಗೂ ಮದಿಯಾ? ನಂಗೆ ಹೇಳ್ಕೆ ಇಲ್ಯಾ?"

ಅವರು ಥಟ್ಟನೆ ಹಿಂದೆ ಸರಿದು ಬೈರಾಸು ಎಳೆದುಕೊಂಡರು. "ಈ ಸಂಬಂಧ ಬ್ಯಾಡ ಮಾರಾಯ್ತಿ, ಹೆಣ್ಣಿನ ಬಾಯಿ ಬಾರೀ ಜೋರ್!" ಎಂದು ಗಡಗಡಿಸುವ ಬೆಲ್ಟು ತೋರಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಅವರು ಮಾತ್ರ ಬೈರಾಸನ್ನು ಕೊರಳಿಂದ ಬಿಚ್ಚಿ ದೂರದ ಮೊಳೆಗೆ ನೇತುಹಾಕಿಯೇ ಬೆಲ್ಟಿನ ಹತ್ತಿರ ಮರಳಿದರು. ಅಷ್ಟು ಹೆದರಿಕೆಯ ನಡುವೆ ಅವರಿಗೆ ತಮಾಷೆ ಎಲ್ಲಿಂದ ಬಂತೋ, ಬಾಯಿಲ್ಲದ ನನಗೆ ಮಾತು ಎಲ್ಲಿಂದ ಬಂತೋ! ಎರಡೂ ಆ ಒಂದೇ ಹೆದರಿಕೆಯಿಂದ ಬಂದಿರಬೇಕು.