ಫೋನು ನಿಜ ಹೇಳಿದ ಸೋಮವಾರ

ಸಾರಿಗೆ ಕಚೇರಿಯ ಡ್ರೈವರುಗಳು ಅವಳನ್ನು ಕರೆಯುತ್ತಿದ್ದದ್ದು ಸ್ಟಾಪಮ್ಮ ಎಂದು. ಊರಿನ ಬಸ್ ಸ್ಟಾಪುಗಳ ಹೆಸರು, ಜಾಗ, ಎಲ್ಲಿ ಯಾವ ಬಸ್ಸು ನಿಲ್ಲುತ್ತದೆ ಎನ್ನುವುದೆಲ್ಲ ಕಂಪ್ಯೂಟರಿನಲ್ಲಿ ಅವಳ ಸುಪರ್ದಿಯಲ್ಲಿತ್ತು. ಮಿಕ್ಕವರಿಗೆ ಸ್ಟಾಪೆಂದರೆ ನಿಂತು ಶಾಪ ಹಾಕುವ ಜಾಗ. ಅವಳಿಗೆ ಮಾತ್ರ ಸಾಕಿದ ಮಗು. ಯಾರಾದರೂ ಹೇಳದೆ ಕೇಳದೆ ಒಂದು ಕಂಬ ಕಿತ್ತು ಆಚೆ ನೆಟ್ಟರೆ ವಾರವಿಡೀ ಮುಖ ಊದಿಸಿಕೊಂಡು ಓಡಾಡುತ್ತಿದ್ದಳು.

ಅಂಥವಳ ತಲೆಗೆ ಹೊಸ ಮಾನದಂಡ ಬಂದು ಕೂತಿತು. ದೇಶದ ಎಲ್ಲ ಊರುಗಳೂ ಸ್ಟಾಪಿನ ವಿವರವನ್ನು ಒಂದೇ ರೀತಿಯಲ್ಲಿ ಇಡಬೇಕೆಂದು ಸರ್ಕಾರದ ಅಪ್ಪಣೆ. ಹಳೆಯ ಪದ್ಧತಿಯಲ್ಲಿ ಒಂದು ಹೆಸರಿಗೆ ನಕ್ಷೆಯಲ್ಲಿ ಒಂದೇ ಚುಕ್ಕೆ, ಅದೂ ನಡುರಸ್ತೆಯಲ್ಲಿ. ಅಲ್ಲಿ ಹೋಗಿ ನಿಂತರೆ ಬಸ್ಸು ಸಿಗುವುದಿಲ್ಲ, ಆಸ್ಪತ್ರೆ ಸಿಗುತ್ತದೆ. ಹೊಸದರಲ್ಲಿ ಈ ಬದಿಯ ಕಂಬ ಬೇರೆ, ಆ ಬದಿಯ ಕಂಬ ಬೇರೆ; ಒಂದೊಂದಕ್ಕೂ ತನ್ನದೇ ಸಂಖ್ಯೆ, ಬಸ್ಸು ಯಾವ ಕಡೆಗೆ ಹೋಗುತ್ತದೆ ಎನ್ನುವ ವಿವರ. ಇಡೀ ಬೇಸಿಗೆ ಅವಳು ಕಂಬದಿಂದ ಕಂಬಕ್ಕೆ ಅಲೆದು, ಸಂಜೆ ಬಂದು ಹಳೆಯ ತಪ್ಪುಗಳನ್ನು ತಲೆಯ ಹೇನು ಹೆಕ್ಕಿದ ಹಾಗೆ ಹೆಕ್ಕಿ ತೆಗೆದಳು.

ಮನೆಯಲ್ಲಿ ಅವಳಿಗೊಬ್ಬಳು ಅಕ್ಕ, ಒಬ್ಬ ಅಣ್ಣ. ಯಾವುದೋ ಜ್ವರ ಬಂದು ಅಕ್ಕನ ಕಣ್ಣು ಹೋಗಿ ವರ್ಷಗಳೇ ಆಗಿದ್ದವು. ಕಣ್ಣು ಹೋಯಿತೇ ಹೊರತು ನಾಲಿಗೆ ಹೋಗಿರಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಫೋನಿನ ಕೆಲಸ ಅವಳದು. ದಿನವಿಡೀ ಊರವರ ಬೈಗುಳ ಕೇಳಿ, ಬಡ್ಡಿ ಸಮೇತ ಮನೆಗೆ ತಂದು ತಂಗಿಯ ಮೇಲೆ ಸುರಿಯುತ್ತಿದ್ದಳು. ಕೆಲಸಕ್ಕೆ ಹೋಗಿ ಬರುವುದು ಒಬ್ಬಳೇ, ಬಸ್ಸಿನಲ್ಲೇ. ಕೈಯಲ್ಲಿ ಬಿಳಿ ಕೋಲು, ಒಂದು ಕಿವಿಯಲ್ಲಿ ಫೋನು. ಬಸ್ಸು ಎಲ್ಲಿ ನಿಂತಿದೆ ಎಂದು ಆ ಫೋನು ಹೇಳುತ್ತಿತ್ತು, ಹೇಳುವ ಹೆಸರೆಲ್ಲ ಸ್ಟಾಪಮ್ಮನ ಕಂಪ್ಯೂಟರಿನಿಂದಲೇ ಹೋಗುತ್ತಿತ್ತು.

ಆದರೆ ಅಕ್ಕನ ಬಸ್ಸಿನ ಲೈನಿನಲ್ಲಿ ಒಂದು ಎಡವಟ್ಟಿತ್ತು. ಹಿಂದೆ ಯಾರೋ ಹೊಸ ಸ್ಟಾಪೊಂದನ್ನು ಸೇರಿಸುವಾಗ ಒಂದು ಸಾಲು ತಪ್ಪಿ, ಅಲ್ಲಿಂದಾಚೆಗೆ ಎಲ್ಲ ಹೆಸರುಗಳೂ ಒಂದು ಸ್ಟಾಪು ಮೊದಲೇ ಬರತೊಡಗಿದ್ದವು. ಹಳೆಯ ಪದ್ಧತಿಯಲ್ಲಿ ಅದನ್ನು ತಿದ್ದಹೋದರೆ ಬೇರೆ ಬಸ್ಸುಗಳ ಹೆಸರೂ ಕೆಡುತ್ತಿದ್ದವು. ಬಸ್ಸು ತರಕಾರಿ ಮಾರುಕಟ್ಟೆಯಲ್ಲಿ ನಿಂತಾಗ ಫೋನು "ನೀರಿನ ಕಚೇರಿ" ಅನ್ನುತ್ತಿತ್ತು. ಅಕ್ಕ ಅಲ್ಲಾಡದೆ ಕೂತಿದ್ದು ಮುಂದಿನದರಲ್ಲಿ ಇಳಿಯುತ್ತಿದ್ದಳು.

"ನಿನ್ನ ಫೋನು ಸುಳ್ಳುಬುರುಕ ಕಣೇ. ಆದ್ರೆ ದಿನಾ ಅದೇ ಸುಳ್ಳು ಹೇಳುತ್ತೆ. ಅಷ್ಟು ನಿಯತ್ತು ಮನುಷ್ಯರಿಗೂ ಇರಲ್ಲ," ಎಂದು ನಗುತ್ತಿದ್ದಳು.

ಅಣ್ಣನಿಗೆ ಈ ಓಡಾಟ ಸುತರಾಂ ಇಷ್ಟವಿರಲಿಲ್ಲ. ಕೆಟ್ಟವನಲ್ಲ ಪಾಪ, ಹೆದರುಪುಕ್ಕಲ. "ಒಂದೇ ಒಂದು ಸಲ ದಾರಿ ತಪ್ಪಿದ್ಳು ಅಂತ ನನ್ನ ಕಿವಿಗೆ ಬೀಳ್ಲಿ, ಮಾರನೇ ದಿನದಿಂದ ಬಾಗಿಲಿಗೆ ಆಟೋ ಬರುತ್ತೆ. ಕರ್ಕೊಂಡ್ ಹೋಗ್ತಾನೆ, ಕರ್ಕೊಂಡ್ ಬರ್ತಾನೆ," ಎಂದು ಪಟ್ಟು ಹಿಡಿದಿದ್ದ. "ನಾನೇನು ಪಾರ್ಸಲ್ಲಾ?" ಎಂದು ಅಕ್ಕ ರೇಗುತ್ತಿದ್ದಳು. ಇಡೀ ದಿನದಲ್ಲಿ ಯಾರೂ ಅವಳ ಕೈ ಹಿಡಿದುಕೊಳ್ಳದ ಹೊತ್ತೆಂದರೆ ಬಸ್ಸಿನ ಆ ಹೊತ್ತೊಂದೇ. ಅದು ತಂಗಿಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಹೊಸ ವಿವರಗಳು ಜಾರಿಗೆ ಬಂದವು. ಯಾವ ಬಸ್ಸೂ ಕಂಪ್ಯೂಟರಿನಿಂದ ಮಾಯವಾಗಲಿಲ್ಲ, ಯಾವ ಸ್ಟಾಪೂ ಕೆರೆಯೊಳಗೆ ಹೋಗಿ ನಿಲ್ಲಲಿಲ್ಲ. ಮ್ಯಾನೇಜರು ಖುಷಿಯಿಂದ ಅವಳ ಮೇಜಿಗೇ ಬಂದರು. ಸ್ಟಾಪಮ್ಮ ಉಬ್ಬಿಹೋದಳು.

"ಈ ಲೈನ್ ನೋಡಿ ಸಾರ್, ಎಷ್ಟೋ ವರ್ಷದಿಂದ ಒಂದು ಸ್ಟಾಪು ಮೊದಲೇ ಹೇಳ್ತಿತ್ತು. ಸರಿ ಮಾಡಿಬಿಟ್ಟೆ!"

ಮಾತು ಬಾಯಿಂದ ಹೊರಬಿದ್ದದ್ದೇ ತಡ, ಅಕ್ಕ ನೆನಪಾದಳು. ಸರಿ ಮಾಡಿದ್ದು ನಿಜ. ಅಕ್ಕನಿಗೆ ಹೇಳಿರಲಿಲ್ಲ! ತಪ್ಪನ್ನು ತಿದ್ದಿದ ಸಂಭ್ರಮದಲ್ಲಿ, ಆ ತಪ್ಪನ್ನೇ ನಂಬಿಕೊಂಡು ಓಡಾಡುವವಳನ್ನು ಮರೆತೇಬಿಟ್ಟಿದ್ದಳು. ಇವತ್ತು ಫೋನು ನೀರಿನ ಕಚೇರಿಯಲ್ಲೇ "ನೀರಿನ ಕಚೇರಿ" ಅನ್ನುತ್ತದೆ, ಅಕ್ಕ ಎಂದಿನಂತೆ ಕೂತೇ ಇರುತ್ತಾಳೆ, ಇಳಿಯುವುದು ಮುಂದಿನ ಸ್ಟಾಪಿನಲ್ಲಿ. ಅದು ಮೇಲ್ಸೇತುವೆಯ ಕೆಳಗೆ. ಲಾರಿಗಳು ಮೈಮೇಲೆ ದೆವ್ವ ಬಂದಂತೆ ನುಗ್ಗುವ ಜಾಗ.

ಫೋನ್ ಮಾಡಿದಳು, ಅಕ್ಕ ಎತ್ತಲಿಲ್ಲ. ಬಸ್ಸಿನಲ್ಲಿ, ರಸ್ತೆಯಲ್ಲಿ ಅವಳು ಯಾರ ಫೋನನ್ನೂ ಎತ್ತುವವಳಲ್ಲ. ಮ್ಯಾನೇಜರಿಗೆ ಏನೋ ಒಂದು ತೊದಲಿ, ಕೆಳಗಿಳಿದು ಸಿಕ್ಕ ಆಟೋ ಹತ್ತಿದಳು. ದಾರಿಯುದ್ದಕ್ಕೂ ಮತ್ತೆ ಮತ್ತೆ ಫೋನ್ ಮಾಡಿದಳು. ಬರೀ ರಿಂಗು.

ಮೇಲ್ಸೇತುವೆಯ ಕಂಬದ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ. ಪಕ್ಕದಲ್ಲಿ ಪಂಕ್ಚರ್ ಅಂಗಡಿಯವನೊಬ್ಬ ಟಯರು ಬಿಚ್ಚುತ್ತಿದ್ದ.

"ಅಣ್ಣಾ, ಬಿಳಿ ಕೋಲು ಹಿಡ್ಕೊಂಡು ಒಬ್ಬರು ಇಲ್ಲಿ ಇಳಿದ್ರಾ?"

"ಆ ಜೋರಿನ ಮೇಡಮ್ಮಾ?" ಎಂದ ಅವನು. "ಇಳಿದ್ರು. ಸ್ವಲ್ಪ ಹೊತ್ತು ಸುಮ್ನೆ ನಿಂತ್ರು, ಆಮೇಲೆ ಫೋನಿಗೆ ಬೈದ್ರು. ನನ್ನ ಕರೆದು, 'ರಸ್ತೆ ದಾಟಬೇಕು, ನನ್ನ ಕೈ ಹಿಡೀಬೇಡಿ, ನಾನೇ ನಿಮ್ಮ ಮೊಣಕೈ ಹಿಡ್ಕೋತೀನಿ' ಅಂದ್ರು. ದಾಟಿಸಿದೆ. ಎದುರುಗಡೆಯಿಂದ ಬಸ್ ಹತ್ತಿ ಹೋದ್ರು."

ಸ್ಟಾಪಮ್ಮನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನೀರಿನ ದೂರಿನ ನಂಬರ್ ಒತ್ತಿದಳು.

"ನಮಸ್ಕಾರ, ನೀರು ಸರಬರಾಜು ಕಚೇರಿ, ದೂರು ವಿಭಾಗ. ಹೇಳಿ."

ಅಕ್ಕನ ದನಿ! ಸ್ಟಾಪಮ್ಮ ಲಾರಿಗಳ ಗದ್ದಲದ ನಡುವೆ ನಿಂತು ಬಿಕ್ಕಿಬಿಕ್ಕಿ ಅತ್ತಳು.

"ಯಾಕಮ್ಮಾ ಅಳ್ತೀರಿ? ನೀರು ಬಂದು ಎಷ್ಟು ದಿನ ಆಯ್ತು?"

"ಅಕ್ಕಾ, ನಾನು ಕಣೇ..."

ಆ ಕಡೆಯಿಂದ ಬೈಗುಳ ಶುರುವಾಯಿತು. "ಕತ್ತೇ! ಫೋನು ಇವತ್ತಿಂದ ನಿಜ ಹೇಳುತ್ತೆ ಅಂತ ಒಂದು ಮಾತು ಹೇಳೋಕ್ಕಾಗ್ಲಿಲ್ವಾ ನಿಂಗೆ? ಇಳಿದ್ರೆ ಗಾಳಿನೇ ಬೇರೆ, ತಲೆ ಮೇಲೆ ಗುಡುಗುಡು ಸದ್ದು. ಕಾಲು ನಡುಗಿಹೋಯ್ತು ಕಣೇ. ಎಲ್ಲಿದೀನಿ ಅಂತ ಫೋನನ್ನೇ ಕೇಳ್ದೆ. 'ಮೇಲ್ಸೇತುವೆ, ಊರಾಚೆ ಹೋಗುವ ಬದಿ, ವಾಪಸ್ ಬಸ್ಸಿಗೆ ರಸ್ತೆ ದಾಟಿ ಎದುರಿನ ಕಂಬ' ಅಂತು. ಇಷ್ಟು ವರ್ಷದಲ್ಲಿ ಒಂದು ದಿನಾನಾದ್ರೂ ಬದಿ ಹೇಳಿತ್ತಾ ಅದು?" ದನಿ ತಗ್ಗಿತು. "ಅಳಬೇಡ. ಲೈನ್ ಬಿಡು, ಯಾರಿಗೋ ನಿಜವಾಗ್ಲೂ ನೀರಿಲ್ಲ."

ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಇನ್ನರ್ಧ ಅಣ್ಣ. ಈ ವಿಷಯ ಅವನ ಕಿವಿಗೆ ಬಿದ್ದರೆ ಅಕ್ಕನ ಬಸ್ಸಿಗೆ ಅಂದೇ ಕೊನೆ, ಅದೂ ತನ್ನಿಂದ. ಬಾಯಿಗೆ ಬೀಗ ಹಾಕಿಕೊಂಡೇ ಅವಳು ಸಂಜೆ ಮನೆಗೆ ಬಂದಳು.

ಊಟಕ್ಕೆ ಕೂತಾಗ ಅಕ್ಕ ತಾನಾಗಿಯೇ ಬಾಯಿಬಿಟ್ಟಳು. "ಅಣ್ಣಾ, ಇವತ್ತು ಗೊತ್ತಿಲ್ಲದ ಜಾಗ ಒಂದನ್ನ ನೋಡ್ಕೊಂಡು ಬಂದೆ."

ಅಣ್ಣನ ತುತ್ತು ಅರ್ಧಕ್ಕೇ ನಿಂತಿತು. ಸ್ಟಾಪಮ್ಮ ತಟ್ಟೆಯೊಳಗೆ ಮುಖ ಹುದುಗಿಸಿದಳು.

"ಮೇಲ್ಸೇತುವೆ ಕೆಳಗೆ. ಸ್ಟಾಪು ತಪ್ಪಿ ಇಳಿದೆ," ಎಂದು ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಕಾಲು ನಡುಗಿದ್ದನ್ನೂ ಬಿಡಲಿಲ್ಲ.

ಅಣ್ಣ ತುತ್ತನ್ನು ತಟ್ಟೆಗೆ ಇಳಿಸಿದ. "ವಾಪಸ್ ಬಂದಿದ್ದು..."

"ಒಬ್ಬಳೇ. ದಾರಿ ತಪ್ಪೋದು ಎಲ್ಲರಿಗೂ ಬರುತ್ತೆ ಅಣ್ಣಾ. ನನಗೆ ವಾಪಸ್ ಬರೋಕೂ ಬರುತ್ತೆ ಅಂತ ನನಗೇ ಗೊತ್ತಿರ್ಲಿಲ್ಲ."

ಅಣ್ಣ ಅದೇ ತುತ್ತನ್ನು ಮತ್ತೆ ಕೈಗೆತ್ತಿಕೊಂಡ. ಆಟೋ ಎನ್ನುವ ಪದ ಅವತ್ತು ಅವನ ಬಾಯಿಂದ ಬರಲೇ ಇಲ್ಲ.

ಅಕ್ಕ ತಂಗಿಯ ಕಡೆ ತಿರುಗಿದಳು. "ಕೆರೆ ಹತ್ರ ಹೋಗೋ ಬಸ್ಸಲ್ಲೂ ಫೋನು ನಿಜಾನೇ ಹೇಳುತ್ತಾ?"

"ಹೇಳುತ್ತೆ ಅಕ್ಕಾ. ಎಲ್ಲಾ ಬಸ್ಸಲ್ಲೂ."

"ಹಾಗಾದ್ರೆ ಭಾನುವಾರ ಹೋಗ್ತೀನಿ."

"ನಾನೂ ಬರ್ತೀನಿ," ಎಂದಳು ಸ್ಟಾಪಮ್ಮ ಥಟ್ಟನೆ.

"ನೀನು ಬೇಡ," ಎಂದಳು ಅಕ್ಕ.